ದನದ ಗಂಟಲಿಗೆ ಕೈ ಹಾಕುತ್ತಿದ್ದವರು

ನಾನು ನಿಂತಿದ್ದದ್ದು ಶಾಮಿಯಾನದ ಎಡಗಡೆ, ಮೂರನೇ ಕಂಬದ ಪಕ್ಕದಲ್ಲಿ. ಭಾನುವಾರ, ಮಧ್ಯಾಹ್ನ ಒಂದೂ ಇಪ್ಪತ್ತು. ಅವರು ಊಟಕ್ಕೆ ಕೂತಿದ್ದ ಜಾಗಕ್ಕೂ ನನಗೂ ನಡುವೆ ಹನ್ನೆರಡು ಹೆಜ್ಜೆ. ಶಾಮಿಯಾನ ಬಿಚ್ಚಿದ ಮೇಲೂ ನೆಲದಲ್ಲಿ ಕಂಬದ ಗುಳಿಗಳು ಉಳಿದಿದ್ದವು. ಆಮೇಲೊಂದು ದಿನ ಹೋಗಿ ಅಳೆದು ಬಂದಿದ್ದೇನೆ.

ಊರು ಕುಣಿಗಲ್ ರಸ್ತೆಯಲ್ಲಿ ಹೆಬ್ಬೂರು ದಾಟಿದ ಮೇಲೆ ನಾಲ್ಕು ಕಿಲೋಮೀಟರ್ ಒಳಗೆ. ಅವರ ಮಗಳ ಮದುವೆಯಾಗಿ ನಾಲ್ಕು ದಿನವಾಗಿತ್ತು. ಗಂಡಿನ ಮನೆಯವರು ಬೀಗರೂಟ ಇಟ್ಟುಕೊಂಡಿದ್ದರು. ಹೆಣ್ಣಿನ ತಂದೆಯಾದ ಅವರು ಅಂದಿನ ಮುಖ್ಯ ಅತಿಥಿ. ನಾನು ಅವರ ಕಡೆಯಿಂದ ಹೋದವನು. ಮೊದಲ ಪಂಕ್ತಿಯಲ್ಲೇ ಉಂಡು ಕೈ ತೊಳೆದುಕೊಂಡು ಬಂದು ನಿಂತಿದ್ದೆ.

ಅಂದಿನ ವಿಷಯದಲ್ಲಿ ಒಮ್ಮೆ ಒಬ್ಬರ ಎದುರು ತಪ್ಪಾಗಿ ಹೇಳಿದ್ದೇನೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಆದರೆ ಮೊದಲು ಅವರು ಎಂಥವರು ಎಂದು ಹೇಳಬೇಕು.

ನಾನು ಪಶುವೈದ್ಯ. ಗುಬ್ಬಿ ತಾಲ್ಲೂಕಿನಲ್ಲಿ, ನಿಟ್ಟೂರಿನ ಕಡೆಯ ಒಂದು ಸಣ್ಣ ಪಶು ಆಸ್ಪತ್ರೆಗೆ ನನ್ನ ಮೊದಲ ಪೋಸ್ಟಿಂಗ್ ಆದಾಗ ಅವರು ಅಲ್ಲಿದ್ದರು. ಅವರ ಹುದ್ದೆಗೆ ಸರ್ಕಾರ ಕೊಟ್ಟ ಹೆಸರು ಉದ್ದದ್ದು. ಹಳ್ಳಿಯವರಿಗೆಲ್ಲ ಅವರು ಕಾಂಪೌಂಡ್ರು. ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡವರು. ನನ್ನನ್ನು ಸಾರ್ ಎನ್ನುತ್ತಿದ್ದರು, ಆದರೆ ಆ ಸಾರ್ ಎನ್ನುವುದರಲ್ಲಿ ಯಾವತ್ತೂ ಒಂದು ಚಿಟಿಕೆ ತಮಾಷೆ ಇರುತ್ತಿತ್ತು.

ನಾನು ಸೇರಿದ ವಾರದಲ್ಲೇ ಒಂದು ಹಸುವನ್ನು ಹಿಡಿದು ತಂದರು. ಕತ್ತು ಮುಂದಕ್ಕೆ ಚಾಚಿಕೊಂಡು, ಬಾಯಿಂದ ಹಗ್ಗದ ಹಾಗೆ ಜೊಲ್ಲು ಇಳಿಬಿಟ್ಟುಕೊಂಡು ನಿಂತಿತ್ತು. ನಾನು ಪುಸ್ತಕದಲ್ಲಿ ಓದಿದ್ದ ಕಾರಣಗಳನ್ನೆಲ್ಲ ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಅವರು ಹಸುವಿನ ಕತ್ತಿನ ಎಡಗಡೆ ಅಂಗೈ ಒತ್ತಿ ಮೇಲಿಂದ ಕೆಳಗೆ ಒಮ್ಮೆ ಸವರಿ, "ಮಾವಿನ ಓಟೆ" ಎಂದರು. ಬಲಗೈಗೆ ಮೊಣಕೈಯವರೆಗೆ ಹರಳೆಣ್ಣೆ ಬಳಿದುಕೊಂಡರು. ದವಡೆಗೆ ಮರದ ತುಂಡು ಕೊಟ್ಟು, ಕೈ ಒಳಗೆ ಬಿಟ್ಟು, ಎಡಗೈಯಿಂದ ಹೊರಗಿನಿಂದ ಮೇಲಕ್ಕೆ ಮೇಲಕ್ಕೆ ನೂಕಿದರು. ಓಟೆ ಬಂತು. ಅದನ್ನು ನೀರಿನಲ್ಲಿ ತೊಳೆದು ಹಸುವಿನ ಒಡೆಯನ ಕೈಗಿಟ್ಟು, "ತಗಾ, ಹಿತ್ಲಲ್ಲಿ ಬಿತ್ತು. ಮುಂದಿನ ಸಲ ಹಣ್ಣು ತಿಂದು ಇದನ್ನ ನೀನೇ ನುಂಗ್ಲಾ, ಆಗ ಗೊತ್ತಾಯ್ತದೆ" ಎಂದರು.

ಅವರ ಬಲ ಮುಂಗೈ ತುಂಬ ಗೀರುಗಳಿದ್ದವು. ಎಲ್ಲವೂ ದನದ ದವಡೆ ಹಲ್ಲಿನವು. ಅವುಗಳಲ್ಲಿ ಒಂದೊಂದು ಯಾವ ಊರಿನದು ಎಂದು ಹೇಳುತ್ತಿದ್ದರು.

ಅವರ ಬಾಯಿ ಕೆಟ್ಟದ್ದು. ಇದನ್ನು ಮೆದುಮಾಡಿ ಬರೆಯಲಾರೆ. ಒಂದು ಸಲ ಒಬ್ಬ ಅಜ್ಜಿ, ಗೆಣಸು ಸಿಕ್ಕಿಕೊಂಡ ಹಸುವಿಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಹೊಯ್ದು ತಂದಿದ್ದಳು. ತಲೆ ಮೇಲೆತ್ತಿ ಹಿಡಿದು ಹೊಯ್ದಿದ್ದರಂತೆ. ಅವರು ಹಸುವಿನ ಪಕ್ಕೆಗೆ ಕಿವಿ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಅಜ್ಜಿಯ ಕೈಯಿಂದ ಗೊಟ್ಟ ಕಿತ್ತುಕೊಂಡು ಮೊಣಕಾಲಿಗೆ ಕೊಟ್ಟು ಮುರಿದರು.

"ಗಂಟ್ಲಲ್ಲಿ ಎರಡು ದಾರಿ ಅವೆ ಕಣಜ್ಜಿ. ಒಂದು ಹೊಟ್ಟೆಗೆ, ಒಂದು ಸುಡುಗಾಡಿಗೆ. ಹೊಟ್ಟೆ ದಾರಿ ಕಟ್ಕಂಡೈತೆ ಅಂತ ಗೊತ್ತಿದ್ದೂ ಮೇಲಿಂದ ಹೊಯ್ದ್ರೆ ಎಣ್ಣೆ ಎಲ್ಲಿಗೋಗ್ತದೆ? ಹೇಳು."

ಕೈಗೆ ಎಣ್ಣೆ ಬಳಿದುಕೊಂಡು ಗೆಣಸನ್ನು ತೆಗೆದರು. ಆದರೆ ಮೂರನೇ ದಿನ ಹಸು ಶ್ವಾಸಕೋಶ ಕೆಟ್ಟು ಸತ್ತಿತು. ಅಂದು ಅವರು ಸೈಕಲ್ ತುಳಿದುಕೊಂಡು ಅವಳ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಸಮಾಧಾನ ಹೇಳಲು ಹೊರಟಿದ್ದಾರೆ ಎಂದುಕೊಂಡಿದ್ದೆ. ಬೀದಿಯವರೆಲ್ಲ ನಿಂತಿದ್ದಾಗ, "ಹಸು ಸತ್ತಿದ್ದು ಗೆಣಸಿಂದ ಅಲ್ಲ. ಸಾಯ್ಸಿದ್ದು ನೀನು" ಎಂದು ಹೇಳಿ ಸೈಕಲ್ ತಿರುಗಿಸಿದರು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು.

ದಾರಿಯಲ್ಲಿ ನಾನು, ಅದು ಬೇಕಿರಲಿಲ್ಲ ಎಂದೆ.

"ಬೇಕಿತ್ತು ಸಾರ್. ಜನ ಹೇಳಿದ್ದು ಮರೀತಾರೆ, ನಾಕು ಜನದ ಮುಂದೆ ಬೈಸ್ಕಂಡಿದ್ದು ಮರೆಯಲ್ಲ. ಆ ಯಮ್ಮ ಇನ್ನು ಯಾವ ಹಸೂಗೂ ಹುಯ್ಯಲ್ಲ, ಆ ಬೀದೀಲಿ ಯಾರೂ ಹುಯ್ಯಲ್ಲ."

ಅದು ನಿಜವಾಯಿತು. ಆ ಬೀದಿಯಿಂದ ಗೊಟ್ಟದ ಕೇಸು ಮತ್ತೆ ಬರಲಿಲ್ಲ.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ನಾನು ತುಮಕೂರು ಪೇಟೆಯಲ್ಲಿ ಅನ್ನ ಉಂಡು ಬೆಳೆದವನು. ಮುದ್ದೆಯನ್ನು ಅಗಿಯುತ್ತಿದ್ದೆ. ಅವರು ನೋಡಿ, "ಏನ್ ಸಾರ್, ಮೆಲುಕು ಹಾಕ್ತಿದ್ದೀರಾ?" ಎನ್ನುತ್ತಿದ್ದರು. ಅವರದು ನಾಲ್ಕು ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗದಂತೆ ಒಳಗೆ. ಒಂದು ಮುದ್ದೆಗೆ ಏಳು ತುತ್ತು. ಐದು ನಿಮಿಷದಲ್ಲಿ ಊಟ ಮುಗಿದು, ಔಷಧಿ ಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಮಲಗುತ್ತಿದ್ದರು. ಮಂಡಿ ನೋವಿನ ಮಾತ್ರೆಯನ್ನು ಮಲಗಿಕೊಂಡೇ, ನೀರಿಲ್ಲದೆ ನುಂಗುತ್ತಿದ್ದರು. ಹುಳಿ ತೇಗು ಬಂದರೆ ಎದೆ ತಿಕ್ಕಿಕೊಂಡು ಪಕ್ಕಕ್ಕೆ ಹೊರಳುತ್ತಿದ್ದರು. ಹೀಗೆ ವರ್ಷಗಟ್ಟಲೆ. ಈ ನಡುವೆ ದವಡೆಯ ಹಲ್ಲುಗಳು ಒಂದೊಂದಾಗಿ ಹೋದವು. ಕಟ್ಟಿಸಿಕೊಳ್ಳಲಿಲ್ಲ. "ನುಂಗೋಕೆ ಯಾಕೆ ಸಾರ್ ಹಲ್ಲು?"

ಇವೆಲ್ಲ ಕಾರಣಗಳು ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ಅವು ಅವರ ಗುಣಗಳಾಗಿದ್ದವು.

ಕೊನೆಯ ಎರಡು ವರ್ಷ ಅವರು ಗೋಡೆಯ ಕಡೆ ತಿರುಗಿ ಉಣ್ಣತೊಡಗಿದರು. ಒಂದು ತುತ್ತಿಗೆ ಒಂದು ಗುಟುಕು ನೀರು. ನಡುವೆ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಹಿಮ್ಮಡಿ ನೆಲಕ್ಕೆ ಕುಟ್ಟುತ್ತಿದ್ದರು. ಮುಕ್ಕಾಲು ಗಂಟೆಯಾಗುತ್ತಿತ್ತು. ಕೇಳಿದರೆ ಹಲ್ಲು ನೋವು ಎನ್ನುತ್ತಿದ್ದರು. ಒಂದು ದಿನ ನಾನು ನಮ್ಮ ಅಟೆಂಡರ್ ಎದುರು ಅದನ್ನು ಅಣಕಿಸಿ ತೋರಿಸಿದೆ. ಕೈ ಮೇಲೆತ್ತಿದೆ, ಹಿಮ್ಮಡಿ ಕುಟ್ಟಿದೆ. ಅಟೆಂಡರ್ ನಗುತ್ತಿದ್ದವನು ಥಟ್ಟನೆ ನಿಲ್ಲಿಸಿದ. ಹಿಂದೆ ಬಾಗಿಲಲ್ಲಿ ಅವರು ನಿಂತಿದ್ದರು. "ಕಾಲು ಇನ್ನೂ ಜೋರಾಗಿ ಕುಟ್ಬೇಕು ಸಾರ್" ಎಂದು ಹೇಳಿ ಒಳಗೆ ಹೋದರು.

ಮದುವೆಗೆ ಮೂರು ತಿಂಗಳ ಮುಂಚೆ, ಒಂದು ಬೆಳಿಗ್ಗೆ ಕರ್ಚೀಫಿಗೆ ಉಗುಳುತ್ತ ಬಂದು ನನ್ನ ಮೇಜಿನ ಮುಂದೆ ನಿಂತರು. ಉಗುಳನ್ನೂ ನುಂಗಲಾಗುತ್ತಿರಲಿಲ್ಲ. ಮಾತು, ಉಸಿರು ಸರಿಯಾಗಿಯೇ ಇತ್ತು. ದನದ ಕೇಸು ಹೇಳುವ ದನಿಯಲ್ಲೇ, "ಸಿಕ್ಕಾಕ್ಕಂಡೈತೆ ಸಾರ್. ರಾತ್ರಿದು. ಚಪಾತಿ" ಎಂದರು. ನನ್ನ ಬೈಕಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋದೆ. ಜೊತೆಯಲ್ಲಿ ಬಂದವರು ಎನ್ನುವ ಕಡೆ ಸಹಿ ಮಾಡಿದೆ. ಬಾಯಿಂದ ಕ್ಯಾಮೆರಾದ ಕೊಳವೆ ಇಳಿಸಿ ತೆಗೆದರು. ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, "ಒಳಗೆ ತಳ್ಳಿದ್ರಾ ಡಾಕ್ಟ್ರೇ, ಹೊರಗೆ ಎಳೆದ್ರಾ?"

ಡಾಕ್ಟರು ಚಿತ್ರ ಬರೆದು ತೋರಿಸಿದರು. ಅನ್ನನಾಳ ಹೊಟ್ಟೆ ಸೇರುವ ಜಾಗದಲ್ಲಿ, ಹುಳಿ ಮೇಲೆ ಬಂದು ಬಂದು ಸುಟ್ಟು, ಗಾಯ ಮಾಗಿ, ಬಳೆಯ ಹಾಗೆ ಬಿಗಿದುಕೊಂಡಿದೆ. ಒಣ ಮಾತ್ರೆಗಳು ಅದಕ್ಕೆ ಇನ್ನಷ್ಟು ಸೇರಿಸಿವೆ. ಅಗಿಯದೆ ನುಂಗಿದ್ದು ಅಲ್ಲಿಗೆ ಹೋಗಿ ಕೂರುತ್ತದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು; ಕ್ಯಾನ್ಸರ್ ಅಲ್ಲ ಎಂದು ಬಂತು. ಬಲೂನು ಹಾಕಿ ಹಿಗ್ಗಿಸಿದರೆ ಸರಿಹೋಗುತ್ತದೆ, ಎರಡು ಮೂರು ಸಲ ಬರಬೇಕಾಗಬಹುದು ಎಂದರು. ಅಲ್ಲಿಯವರೆಗೆ ಮುದ್ದೆ ಬೇಡ, ಮಾಂಸದ ತುಂಡು ಬೇಡ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಮದ್ವೆ ಮುಗೀಲಿ ಸಾರ್. ಬೀಗರೂಟ ಆಗಿದ್ದ್ ಮಾರ್ನೇ ದಿನ ಸೋಮ್ವಾರ ಬಂದು ಮಲಗ್ತೀನಿ. ಈಗ ಗಂಟ್ಲು ಅಂದ್ರೆ ಜನ ಕ್ಯಾನ್ಸರ್ರು ಅಂತಾರೆ. ನನ್ ಹೆಂಡ್ತಿನೂ ಕಾಯ್ಲೇಲೇ ಹೋದ್ಲು, ಅದಕ್ಕೇ ಒಂದ್ ಸಂಬಂಧ ಮುರಿದು ಬಿತ್ತು. ವಂಶದಲ್ಲೇ ಐತೆ ಅಂತ ಅಂದ್ಬುಟ್ರೆ ನನ್ ಮಗಳು ಆ ಮನೇಲಿ ಹೆಂಗ್ ಬಾಳ್ತಾಳೆ? ಸವಿತಂಗೂ ಹೇಳ್ಬೇಡಿ. ಯಾರ್ಗೂ ಹೇಳ್ಬೇಡಿ."

ನಾನು ಹೇಳುವುದಿಲ್ಲ ಎಂದೆ. ಸವಿತಾ ಅವರ ಒಬ್ಬಳೇ ಮಗಳು. ಮರಳೂರಿನ ಬಾಡಿಗೆ ಮನೆಯಲ್ಲಿ ಅವರಿಬ್ಬರೇ ಇದ್ದದ್ದು. ಮೂರು ತಿಂಗಳು ಅವರು ಹಲ್ಲು ನೋವೆಂದು ಹೇಳಿ ಗಂಜಿ ಕುಡಿದರು. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹಾಕಿಸಿದರು. ಮದುವೆಯ ದಿನ ಓಡಾಟದ ನೆಪದಲ್ಲಿ ಊಟಕ್ಕೆ ಕೂರಲೇ ಇಲ್ಲ. ಬೀಗರೂಟದಲ್ಲಿ ಆ ನೆಪ ನಡೆಯುವುದಿಲ್ಲ. ಅಲ್ಲಿ ಬೀಗರನ್ನು ಕೂರಿಸಿ, ಅವರ ಎಲೆ ಮುಂದೆ ನಿಂತು, ರೇಗಿಸಿ, ಸಾಕು ಎಂದರೂ ಬಿಡದೆ ಬಡಿಸುವುದೇ ಮರ್ಯಾದೆ.

ಆ ಕೆಲಸಕ್ಕೆ ನಿಂತವನು ಗಂಗಾಧರ, ಮದುಮಗನ ಸೋದರಮಾವ. ದೊಡ್ಡ ದನಿಯವನು, ಮನೆಯಲ್ಲಿ ಆರು ಸೀಮೆಹಸು ಕಟ್ಟಿದವನು. ಹತ್ತು ವರ್ಷದ ಹಿಂದೆ ಅವರು ಹೆಬ್ಬೂರಿನ ಕಡೆ ಕೆಲಸದಲ್ಲಿದ್ದಾಗ ಅವನ ಹಸುವಿನ ಗಂಟಲಿಂದ ತೆಂಗಿನಕಾಯಿ ಹೋಳು ತೆಗೆದಿದ್ದರಂತೆ. ಇದನ್ನು ಅವನು ಪಂಕ್ತಿಗೆಲ್ಲ ಕೇಳುವಂತೆ ಹೇಳಿದ. ಆಮೇಲೆ ಅವರ ಎಲೆ ನೋಡಿದ.

"ಏನ್ ಬೀಗ್ರೇ, ಮುದ್ದೆ ಮುಟ್ಟೇ ಇಲ್ವಲ್ಲ. ನಮ್ ಮುದ್ದೆ ಏನ್ ಕಲ್ಲಾ?"

"ಹಲ್ಲು ನೋವು ಕಣಪ್ಪ."

"ಮುದ್ದೆಗೂ ಹಲ್ಲಿಗೂ ಯಾವ್ ನೆಂಟಸ್ತನ ಬೀಗ್ರೇ? ನುಂಗೋಕೂ ಹಲ್ಲು ಬೇಕಾ?"

ಪಂಕ್ತಿ ನಕ್ಕಿತು. ಅವರೂ ನಕ್ಕರು.

"ದನದ್ ಬಾಯಿಗೆ ಕೈ ಹಾಕಿ ಹಾಕಿ ನಮ್ಮಡ್ಗೆ ರುಚಿಸ್ತಿಲ್ವೇನೋ. ಒಂದ್ ಕಂತೆ ಹುಲ್ಲು ತರುಸ್ಲಾ?"

ಇಷ್ಟಕ್ಕೂ ಅವರು ಮುದ್ದೆ ಮುಟ್ಟಲಿಲ್ಲ. ಅನ್ನವನ್ನು ಸಾರಿನಲ್ಲಿ ಹಿಸುಕುತ್ತಿದ್ದರು. ಆಗ ಮದುಮಗನ ಸೋದರತ್ತೆ ಪುಟ್ಟಮ್ಮ, ಸಾರಿನ ಬಕೆಟ್ ಹಿಡಿದು ಬಂದವಳು, "ಬುಡೋ ಗಂಗಾಧರ, ಯಾಕ್ ಬಲವಂತ ಮಾಡ್ತೀಯ. ಒಳಗೇನೋ ಕಾಯ್ಲೆ ಇರ್ಬೇಕು, ಮೈ ನೋಡು ಹೆಂಗ್ ಇಳಿದೈತೆ" ಎಂದಳು. ಕರುಣೆಯಿಂದಲೇ ಅಂದಳು. ಪಕ್ಕದ ನಾಲ್ಕಾರು ತಲೆಗಳು ಅವರ ಕಡೆ ತಿರುಗಿದವು.

ಅವರು ಮಗಳನ್ನು ನೋಡಿದರು. ಸವಿತಾ ಪಂಕ್ತಿಯ ಕೊನೆಯಲ್ಲಿ ತುಪ್ಪದ ಬಟ್ಟಲು ಹಿಡಿದು ನಿಂತಿದ್ದಳು. ಅವರು ನಾಲ್ಕು ಬೆರಳಲ್ಲಿ ಮುದ್ದೆ ಮುರಿದರು. ಮೊದಲಿನ ಹಾಗೆಯೇ, ದೊಡ್ಡದಾಗಿ. ನುಂಗಿದರು. "ಅಂಗೆ ಬನ್ನಿ ದಾರಿಗೆ" ಎಂದ ಗಂಗಾಧರ. ಎರಡನೆಯದನ್ನು ನುಂಗಿದರು. ಹಿಂದೆಯೇ ಒಂದು ಮಟನ್ ತುಂಡು. ಯಾರೋ ಚಪ್ಪಾಳೆ ತಟ್ಟಿದರು. ಮೂರನೆಯದನ್ನು ಬಾಯಿಗಿಟ್ಟರು. ಆಗ ಕೈ ಎಲೆಯ ಮೇಲೆ ನಿಂತಿತು.

ಅವರು ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. ಹಿಮ್ಮಡಿ ಕುಟ್ಟಿದರು. "ಬೀಗ್ರು ಡ್ಯಾನ್ಸಿಗೆ ನಿಂತ್ರಪ್ಪೋ" ಎಂದಿತು ಒಂದು ದನಿ. ಎಲ್ಲರೂ ನಕ್ಕರು. ನಗು ಪೂರ್ತಿ ನಿಂತದ್ದು ಅವರ ಬಾಯಿಂದ ಜೊಲ್ಲು ಇಳಿದು ಹೊಸ ಶರಟಿನ ಮೇಲೆ ಬಿದ್ದಾಗ. ಅವರು ಉಸಿರಾಡುತ್ತಿದ್ದರು. ಇದು ಮುಖ್ಯ, ಅದಕ್ಕೆ ಮತ್ತೆ ಬರೆಯುತ್ತೇನೆ: ಅವರು ಸರಿಯಾಗಿ ಉಸಿರಾಡುತ್ತಿದ್ದರು. ಹಾಗೆಯೇ ಕಾರಿನಲ್ಲಿ ಕೂರಿಸಿ, ಉಗುಳಲು ಒಂದು ಡಬ್ಬ ಕೊಟ್ಟು ತುಮಕೂರಿಗೆ ಕರೆದುಕೊಂಡು ಹೋಗಿದ್ದರೆ ಸಂಜೆ ಮನೆಗೆ ಬರುತ್ತಿದ್ದರು.

"ಸಿಕ್ಕಾಕ್ಕಂಡೈತೆ" ಎಂದ ಗಂಗಾಧರ. "ನಮ್ ಹಸೂಗೆ ಇವ್ರೇ ತೆಗ್ದಿದ್ದು, ನಾನ್ ನೋಡಿವ್ನಿ. ಮೊದ್ಲು ಎಣ್ಣೆ ಬೇಕು. ಎಣ್ಣೆ ತತ್ತಾ ಪುಟ್ಟಮ್ಮ."

ಅವನು ನೋಡಿದ್ದು ನಿಜ. ಅವರು ಎಣ್ಣೆ ಕೇಳಿದ್ದೂ ನಿಜ. ಆ ಎಣ್ಣೆ ಅವರು ತಮ್ಮ ಕೈಗೆ ಬಳಿದುಕೊಳ್ಳುವುದಕ್ಕೆ. ಹತ್ತು ವರ್ಷದಲ್ಲಿ ಅವನ ನೆನಪಿನಲ್ಲಿ ಕೈ ಹೋಗಿ ಎಣ್ಣೆ ಮಾತ್ರ ಉಳಿದಿತ್ತು.

ನಾನು ಎರಡು ಹೆಜ್ಜೆ ಮುಂದೆ ಹೋಗಿ, "ಸ್ವಲ್ಪ ತಡೀರಿ" ಎಂದೆ.

ಗಂಗಾಧರ ತಿರುಗಿ ನೋಡಿದ. "ಇದು ಮನುಷ್ಯನ ಗಂಟ್ಲು ಸಾ. ನೀವು ದನದ್ ಡಾಕ್ಟ್ರು. ಅಲ್ಲೇ ನಿಂತ್ಕಂಡು ಉಂಡಿದ್ದು ಕರಗಿಸ್ಕಳಿ."

ಮತ್ತೆ ನಕ್ಕರು. ಅದೇ ಹೊತ್ತಿಗೆ ಅವರು ನನ್ನ ಕಡೆ ನೋಡಿ, ಹೇಳಬೇಡಿ ಎಂದು ತಲೆ ಅಲ್ಲಾಡಿಸಿದರು. ನಾನು ಎರಡು ಹೆಜ್ಜೆ ಹಿಂದಕ್ಕೆ ಬಂದೆ. ಅವರಿಗೆ ಕೊಟ್ಟ ಮಾತಿಗಾಗಿ ಬಂದೆ ಎಂದು ಬರೆದರೆ ನನಗೆ ಅನುಕೂಲ. ಜನ ನಕ್ಕದ್ದಕ್ಕೂ ಬಂದೆ. ಯಾವುದು ಎಷ್ಟು ಎಂದು ನನಗೆ ಇನ್ನೂ ತೂಗಲಾಗಿಲ್ಲ.

ಪುಟ್ಟಮ್ಮ ಒಂದು ಚೊಂಬು ಕಡಲೆಕಾಯಿ ಎಣ್ಣೆ ತಂದಳು. ಇಬ್ಬರು ತೋಳು ಹಿಡಿದರು. ಗಂಗಾಧರ ಅವರ ಗಲ್ಲಕ್ಕೆ ಕೈ ಕೊಟ್ಟು ತಲೆಯನ್ನು ಹಿಂದಕ್ಕೆ ಎತ್ತಿದ. ಅವರು "ಬ್ಯಾಡ" ಎಂದರು. ಆ ಮಾತಿಗೆ ಬಾಯಿ ತೆರೆದದ್ದರಲ್ಲೇ ಹೊಯ್ದ. ಅರ್ಧ ಚೊಂಬಿನಷ್ಟು. ಎಣ್ಣೆ ಮೂಗಿನಿಂದ ಬಂತು. ಅವರು ಕೆಮ್ಮಿದ ಸದ್ದು ನನಗೆ ಗೊತ್ತಿದ್ದ ಸದ್ದು. ಒದ್ದೆಯಾದ, ಆಳದ ಕೆಮ್ಮು. ದನಗಳಲ್ಲಿ ಕೇಳಿದ್ದೆ.

ಎಣ್ಣೆ ಹಾಕಬೇಡಿ ಎಂದಷ್ಟೇ ನಾನು ಕೂಗಬಹುದಿತ್ತು. ಅದಕ್ಕೆ ಯಾವ ಗುಟ್ಟೂ ಒಡೆಯಬೇಕಿರಲಿಲ್ಲ. ಇದು ನನಗೆ ಹೊಳೆದದ್ದು ಕಾರಿನಲ್ಲಿ, ಹೆಬ್ಬೂರು ದಾಟಿದ ಮೇಲೆ.

ಗಂಡಿನ ಮನೆಯವರ ಕಾರನ್ನು ನಾನೇ ಓಡಿಸುತ್ತಿದ್ದೆ. ಸವಿತಾ, ಅವಳ ಗಂಡ ಹಿಂದಿನ ಸೀಟಿನಲ್ಲಿದ್ದರು. ಅವರು ನನ್ನ ಪಕ್ಕದಲ್ಲಿ ಡಬ್ಬಕ್ಕೆ ಉಗುಳುತ್ತ ಕೂತಿದ್ದರು. ಒಂದು ಕಡೆ ನಿಲ್ಲಿಸಿ ಎಂದರು. ನಿಲ್ಲಿಸಿದೆ. "ಕಿವಿ ಇಡಿ ಸಾರ್, ಬಲಗಡೆ, ಬೆನ್ನಲ್ಲಿ ಕೆಳಗೆ" ಎಂದರು. ಇಟ್ಟೆ. ಗೊರಗೊರ ಎನ್ನುತ್ತಿತ್ತು.

"ಕೇಳ್ತಾ?"

"ಹೂಂ."

"ಆ ಅಜ್ಜಿ ಹಸೂಗೂ ಇದೇ" ಎಂದರು. "ನಡೀರಿ."

ಸಿಕ್ಕಿದ್ದನ್ನು ತುಮಕೂರಿನಲ್ಲಿ ಇಪ್ಪತ್ತು ನಿಮಿಷದಲ್ಲಿ ತೆಗೆದರು. ಹೆಬ್ಬೆರಳಿನಷ್ಟು ಮಟನ್ ತುಂಡು, ಸುತ್ತ ಮುದ್ದೆ. ಶ್ವಾಸಕೋಶಕ್ಕೆ ಇಳಿದ ಎಣ್ಣೆಯನ್ನು ಯಾರೂ ಪೂರ್ತಿ ತೆಗೆಯಲಾರರು. ಮೂರನೇ ದಿನ ಅವರು ನನ್ನನ್ನು ಹತ್ತಿರ ಕರೆದು, "ಗಂಗಾಧರನ್ನ ಕರ್ಕಂಬನ್ನಿ ಸಾರ್. ನಾಕು ಜನ ಇರೋವಾಗ ಕರ್ಕಂಬನ್ನಿ. ಬೈಬೇಕು. ಇಲ್ದಿದ್ರೆ ಇನ್ನೊಬ್ರಿಗೆ ಹುಯ್ತಾನೆ" ಎಂದರು. ಗಂಗಾಧರ ಬಂದ. ಅಷ್ಟರಲ್ಲಿ ಅವರ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಅವರು ಅವನನ್ನು ನೋಡಿ ಮಾಸ್ಕ್ ಎಳೆಯಲು ಕೈ ಎತ್ತಿದರು. ನರ್ಸ್ ಕೈಯನ್ನು ಮಂಚಕ್ಕೆ ಕಟ್ಟಿದಳು. ಗಂಗಾಧರ ಆ ಕೈ ಮುಟ್ಟಿ, "ಏನೂ ಆಗಕಿಲ್ಲ ಬೀಗ್ರೇ, ನಾನ್ ಎಣ್ಣೆ ಹುಯ್ದಿದ್ಕೆ ಇಷ್ಟಾದ್ರೂ ಉಳ್ಕಂಡ್ರಿ" ಎಂದ. ಅವನು ಅದನ್ನು ನಂಬಿದ್ದ. ಆರನೇ ದಿನ ಬೆಳಿಗ್ಗೆ ಅವರು ಹೋದರು.

ಮದುಮಗನ ತಂದೆ ತಿಮ್ಮಣ್ಣ ಆಸ್ಪತ್ರೆಯ ಹೊರಗೆ ನನ್ನನ್ನು ಕೇಳಿದರು: "ಮುಂಚೇನೇ ಇತ್ತಂತಲ್ಲ ಸಾರ್ ತೊಂದ್ರೆ. ಒಂದ್ ಮಾತು ಹೇಳಿದ್ರೆ ಗಂಜಿ ಮಾಡುಸ್ತಿರ್ಲಿಲ್ವಾ?" ಅಷ್ಟೇ ಕೇಳಿದರು. ಅವರ ಮುಖದಲ್ಲಿ ವಂಶದ ಸಂಶಯವಾಗಲಿ ಬೇರೆ ಏನಾಗಲಿ ಇರಲಿಲ್ಲ.

ಹನ್ನೊಂದನೇ ದಿನ ಮರಳೂರಿನ ಮನೆಯಲ್ಲಿ ಸವಿತಾ ಕಾಫಿ ಕೊಟ್ಟು ಎದುರು ನಿಂತಳು.

"ಅಪ್ಪಂಗೆ ಗಂಟ್ಲು ತೊಂದ್ರೆ ಇದ್ದಿದ್ದು ನಿಮಗೆ ಗೊತ್ತಿತ್ತಾ ಸಾರ್?"

"ಇಲ್ಲಮ್ಮ" ಎಂದೆ.

ಅವಳು ಒಳಗೆ ಹೋಗಿ ಒಂದು ಫೈಲು ತಂದು ನನ್ನ ಮುಂದೆ ತೆರೆದಿಟ್ಟಳು. ಮೂರು ತಿಂಗಳ ಹಿಂದಿನದು. ಜೊತೆಯಲ್ಲಿ ಬಂದವರು ಎನ್ನುವ ಕಡೆ ನನ್ನ ಸಹಿ, ಅದರ ಕೆಳಗೆ ನನ್ನ ಫೋನ್ ನಂಬರು. ಅವಳು ಕಾಫಿ ಆರುವವರೆಗೆ ಕಾದು, ಲೋಟ ತೆಗೆದುಕೊಂಡು ಒಳಗೆ ಹೋದಳು.

ನನಗೆ ಗೊತ್ತಿತ್ತು. ಮೂರನೇ ಕಂಬದ ಪಕ್ಕ, ಹನ್ನೆರಡು ಹೆಜ್ಜೆ ದೂರದಲ್ಲಿದ್ದೆ. ಎಣ್ಣೆ ಬರುವವರೆಗೆ ಒಂದೂವರೆ ನಿಮಿಷವಾದರೂ ಇತ್ತು.

ಇದನ್ನು ನೋಡಿದ, ಇನ್ನೂ ಬದುಕಿರುವ ಬೇರೆಯವರು: ತಿಮ್ಮಣ್ಣ, ಅಡಿಗೆಯವರ ಬಳಿ ನಿಂತಿದ್ದರು. ತೋಳು ಹಿಡಿದ ಇಬ್ಬರು, ಇಬ್ಬರೂ ಅದೇ ಊರಿನವರು. ಅವರ ಹೆಸರು ಕೇಳಲು ಹೋಗಿ ಕೇಳದೆ ಬಂದಿದ್ದೇನೆ. ಪುಟ್ಟಮ್ಮ, ಚೊಂಬು ತಂದವಳು. ಗಂಗಾಧರ. ಮತ್ತೆ ಸವಿತಾ. ಅವಳು ನಿಂತಿದ್ದ ಜಾಗದಿಂದ ಅವಳ ಅಪ್ಪ ಪೂರ್ತಿ ಕಾಣುತ್ತಿರಲಿಲ್ಲ, ಸುತ್ತ ಜನ ಮುತ್ತಿದ್ದರು. ಮೂರನೇ ಕಂಬ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.